ಕಾವಿಗೆ ಕೊಟ್ಟ ತತ್ತಿಗಳು

ಆಗ ನನಗೆ ಮೂವತ್ತಾರೋ ಮೂವತ್ತೇಳೋ ಇರಬೇಕು. ಹುಟ್ಟಿದ ತಾರೀಖು ಬರೆದಿಟ್ಟವರು ಯಾರೂ ಇಲ್ಲ. ಅದಾಗಿ ಈಗ ನಲವತ್ತು ವರ್ಷದ ಮೇಲಾಯಿತು. ದ್ಯಾವಮ್ಮ, ಇಷ್ಟು ವರ್ಷ ನುಂಗಿಕೊಂಡು ಕೂತ ಮಾತು ಇದು — ನಿನ್ನ ಪೆಟ್ಟಿಗೆಯಲ್ಲಿ ಮರಿಗಳು ಸಾಯಲಿಲ್ಲ. ಅದರಲ್ಲಿ ಮರಿಗಳೇ ಇರಲಿಲ್ಲ. ನಾನು ಕೊಟ್ಟ ಹತ್ತು ತತ್ತಿಯೂ ಹುಂಜದ ಮುಖ ಕಾಣದ ಫಾರಂ ಕೋಳಿಯ ತತ್ತಿ. ಬಿಳಿ ತತ್ತಿಗಳನ್ನು ಚಹಾಪುಡಿ ಕುದಿಸಿದ ನೀರಿನಲ್ಲಿ ಅದ್ದಿ, ಒಣಗಿಸಿ, ಜವಾರಿ ತತ್ತಿ ಅಂತ ನಿನ್ನ ಉಡಿಯಲ್ಲಿ ಹಾಕಿದವಳು ನಾನು. ಗೊತ್ತಿಲ್ಲದೆ ಅಲ್ಲ. ಗೊತ್ತಿದ್ದು ಮಾಡಿದೆ.

ಈಗ ಯಾಕೆ ಹೇಳುತ್ತೀ ಅಂದರೆ — ಹೋದ ತಿಂಗಳು ಮೋಡ ಕಟ್ಟಿ ಗುಡುಗಿತಲ್ಲ, ಆವತ್ತು ನಾನು ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದೆ. ನೀನು ಒಲೆಯ ಮುಂದಿನಿಂದ ಎದ್ದು ಓಡಿಬಂದೆ. ಕಾವಿಗೆ ಕೂತ ಕೋಳಿಯ ಬುಟ್ಟಿಯಲ್ಲಿ ಒಂದು ಕಬ್ಬಿಣದ ಮೊಳೆ, ಒಂದು ಇದ್ದಿಲ ಚೂರು ಇಟ್ಟೆ. ನಿನ್ನ ಮೊಮ್ಮಗಳು ಪಕ್ಕದಲ್ಲೇ ನಿಂತು ಕೇಳಿತು, “ಕಬ್ಬಿಣ ಇಟ್ರ ತತ್ತಿಗೆ ಗುಡುಗು ಕೇಳಸಂಗಿಲ್ಲೇನು?”

ನೀನು ಅಂದೆ, “ಹಿರೇರು ಹೇಳ್ಯಾರ, ಇಡಬೇಕು. ನಾ ಸಣ್ಣಾಕಿದ್ದಾಗ ಇದನ್ನ ಇಡಲಾರದ ಹತ್ತು ಮರಿ ಕೊಂದೀನವ್ವ.”

ಹಿರಿಯರು ಅಂದರೆ ಯಾರು? ನಾನೇ. ಸುಲಿದ ಶೇಂಗಾ ಸಿಪ್ಪೆಯಲ್ಲಿ ಹೋಯಿತು, ಸಿಪ್ಪೆ ಮೊರದಲ್ಲಿ ಉಳಿಯಿತು. ನೀನು ನೋಡಿ, “ಅತ್ತಿ, ನಿನಗ ಕಣ್ಣು ಕಾಣಸವಲ್ವು” ಅಂತ ಮೊರವನ್ನು ನನ್ನ ಮುಂದಿನಿಂದ ಎಳೆದುಕೊಂಡೆ. ಕಣ್ಣು ಕಾಣುತ್ತಿತ್ತು.

ಇದನ್ನು ಬರೆಯುವ ಅಕ್ಷರ ಕಲಿಸಿದವಳೂ ನೀನೇ. ನನ್ನ ಮನೆಗೆ ಸೊಸೆಯಾಗಿ ಬಂದ ಮೇಲೆ, ಮಧ್ಯಾಹ್ನದ ಹೊತ್ತು, ನೆಲದ ಮೇಲೆ ಇದ್ದಿಲಿನಿಂದ ಬರೆದು ಬರೆದು ತಿದ್ದಿಸಿದ್ದೆ. ಒತ್ತಕ್ಷರ ನನಗೆ ಇವತ್ತಿಗೂ ಹತ್ತಿಲ್ಲ. ತಪ್ಪಿದ್ದಲ್ಲಿ ತಿದ್ದಿಕೊಂಡು ಓದು. ಬೇರೆ ಯಾರ ಕೈಲಾದರೂ ಬರೆಸಬಹುದಿತ್ತು — ಆದರೆ ಆಗ ಅವರಿಗೆ ಮೊದಲು ತಿಳಿಯುತ್ತಿತ್ತು, ನಿನಗೆ ಆಮೇಲೆ. ಅದು ಇನ್ನೊಂದು ಮೋಸ.

ನಿನಗೆ ಗೊತ್ತಿರುವುದನ್ನು ಬಿಟ್ಟು, ಗೊತ್ತಿಲ್ಲದ್ದನ್ನು ಹೇಳುತ್ತೇನೆ. ಆದರೆ ಎರಡೂ ಒಂದರೊಳಗೊಂದು ಸೇರಿಕೊಂಡಿವೆ.

ನಿನ್ನ ಅಪ್ಪ, ನನ್ನ ತಮ್ಮ ಹನುಮ, ನೀನು ತೊಟ್ಟಿಲಲ್ಲಿದ್ದಾಗಲೇ ನನಗೆ ಮಾತು ಕೊಟ್ಟಿದ್ದ. ತಮ್ಮನ ಮಗಳು ಅಕ್ಕನ ಮನೆಗೇ ಬರಬೇಕು, ಅದು ನಮ್ಮಲ್ಲಿ ರೂಢಿ. ಯಾರೂ ಕೇಳಬೇಕಿಲ್ಲ, ಕೊಡಬೇಕು. ನನ್ನ ಮಗ ಮಲ್ಲನಿಗೆ ಸಣ್ಣವನಿದ್ದಾಗ ಜ್ವರ ಬಂದು ಒಂದು ಕಾಲು ಸೊರಗಿತ್ತು. ಹೊರಗಿನವರು ಹೆಣ್ಣು ಕೊಡುವುದಿಲ್ಲ ಅಂತ ನನಗೆ ಗೊತ್ತಿತ್ತು. ಗಂಡ ಸತ್ತ ಮೇಲೆ ನಾನು ಮಗನನ್ನು ಕರೆದುಕೊಂಡು ದೇವದುರ್ಗದಲ್ಲಿ ನಿಮ್ಮ ಓಣಿಗೇ ಬಂದು ಬಿಡಾರ ಮಾಡಿದ್ದು ಆ ಒಂದು ಮಾತು ನಂಬಿ. ಕೋಳಿ ಸಾಕಿದೆ, ಸಂತೆಯಲ್ಲಿ ತತ್ತಿ ಮಾರಿದೆ, ಹೊಟ್ಟೆ ಹೊರೆದೆ. ತಮ್ಮನ ಮಾತು ಇದೆಯಲ್ಲ ಅಂತ ನಿಶ್ಚಿಂತೆಯಲ್ಲಿದ್ದೆ.

ನೀನು ಏಳನೇದು ಮುಗಿಸಿದ ಆ ಬೇಸಿಗೆ ರಾಯಚೂರಿನಿಂದ ಆ ಮಾಸ್ತರು ಬಂದರು. ಸಾಲಿಗೆ ರಜೆ, ಆದರೂ ಸಾಲಿಯ ಬಾಗಿಲು ತೆರೆಯಿತು. ವಿಜ್ಞಾನದ ಶಿಬಿರವಂತೆ. ಮುಂಜಾನೆ ಹೋದ ಮಕ್ಕಳು ಬಿಸಿಲು ನೆತ್ತಿಗೇರಿದರೂ ಮನೆಗೆ ಬರುತ್ತಿರಲಿಲ್ಲ. ಬುತ್ತಿ ಕಟ್ಟಿಕೊಂಡು ಹೋಗಿ ಸಂಜೆಯ ತನಕ ಅಲ್ಲೇ. ಓದುವುದಿಲ್ಲ, ಬರೆಯುವುದಿಲ್ಲ, ಬರೀ ಮಾಡುವುದು. ನಾವು ಹೆಂಗಸರು ನಗುತ್ತಿದ್ದೆವು — ರೊಟ್ಟಿ ಕೊಟ್ಟು ಆಡಲು ಕಳಿಸುತ್ತೀವಿ ಅಂತ.

ಒಂದು ದಿನ ನೀನು ಒಂದು ರಟ್ಟಿನ ಡಬ್ಬಿ ತಂದು ನನ್ನ ಕಣ್ಣಿಗೆ ಹಿಡಿದೆ. ಮುಂದೆ ಸೂಜಿಯಿಂದ ಚುಚ್ಚಿದ ಒಂದು ತೂತು, ಹಿಂದೆ ಎಣ್ಣೆ ಸವರಿದ ಕಾಗದ. ನನ್ನ ತಲೆಯ ಮೇಲೆ ಕಂಬಳಿ ಹೊದಿಸಿದೆ. ಓಣಿಯಲ್ಲಿ ಹೋಗುತ್ತಿದ್ದ ಎಮ್ಮೆ ಆ ಕಾಗದದ ಮೇಲೆ ಕಾಲು ಮೇಲೆ ಮಾಡಿಕೊಂಡು ಹೋಯಿತು. ನಾನು ನಕ್ಕೆ. ಕಂಬಳಿಯೊಳಗೆ ಸೆಕೆಯಲ್ಲಿ ಬೆವರು ಸುರಿಯುತ್ತ ಇಬ್ಬರೂ ನಕ್ಕೆವು.

ಪ್ರಶ್ನೆ ಕೇಳಿದವರಿಗೆ ಆ ಮಾಸ್ತರು ಪೆಪ್ಪರಮೆಂಟು ಕೊಡುತ್ತಿದ್ದರು. ಉತ್ತರ ಹೇಳಿದವರಿಗೆ ಅಲ್ಲ, ‘ಯಾಕ’ ಅಂತ ಕೇಳಿದವರಿಗೆ. ನೀನು ದಿನಾ ಗಲ್ಲ ಉಬ್ಬಿಸಿಕೊಂಡು ಬರುತ್ತಿದ್ದೆ. ನಿನ್ನವ್ವ ಕೂಸಿಗೆ ಹಾಲು ಕುಡಿಸುತ್ತ ಬೈಯುತ್ತಿದ್ದಳು, “ಮನ್ಯಾಗೂ ಯಾಕ ಯಾಕ ಅಂತ ತಲಿ ತಿನ್ನಬ್ಯಾಡ, ಇಲ್ಲಿ ಪೆಪ್ಪರಮೆಂಟ ಇಲ್ಲ.”

ಆಮೇಲೆ ಕೋಳಿ ಇಲ್ಲದೆ ಮರಿ ಮಾಡುವ ಪೆಟ್ಟಿಗೆಯ ಮಾತು ಬಂತು. ಒಂದೊಂದು ಮಗುವೂ ಒಂದೊಂದು ಕೆಲಸ ಹಿಡಿಯಬೇಕಿತ್ತು. ನೀನು ಇದನ್ನು ಹಿಡಿದೆ. ಶಿಬಿರ ಮುಗಿಯುವ ದಿನಕ್ಕೆ ಸರಿಯಾಗಿ ಮರಿ ಒಡೆಯುವ ಹಾಗೆ ಲೆಕ್ಕ ಹಾಕಿ ಇಡಬೇಕು ಅಂತ ಮಾಸ್ತರು ಹೇಳಿದ್ದರು. ಅವರು ನಿಮ್ಮ ಮನೆಗೆ ಬಂದು ಕಟ್ಟೆಯ ಮೇಲೆ ಕೂತು ಹನುಮನಿಗೆ ಅಂದದ್ದು ನಾನು ಕೇಳಿದ್ದೇನೆ. ತತ್ತಿಯ ಬುಟ್ಟಿ ಸೊಂಟಕ್ಕೆ ಒರಗಿಸಿಕೊಂಡು ಗೋಡೆಯ ಆಚೆ ನಿಂತಿದ್ದೆ.

“ಈ ಹುಡುಗಿನ್ನ ಸಾಲಿ ಬಿಡಸಬ್ಯಾಡ್ರಿ. ರಾಯಚೂರಾಗ ಹುಡುಗ್ಯಾರ ಹಾಸ್ಟೆಲ್ ಅದ. ನಾ ಸೇರಸ್ತೀನಿ.”

ನನ್ನ ತಮ್ಮ ನಗುತ್ತಲೇ ಅಂದ, “ಮಾಸ್ತರ, ಪೆಟಿಗ್ಯಾಗ ಮರಿ ಆದ್ರ ಕಳಸ್ತೀನ್ರಿ. ಆಗಲಿಲ್ಲಂದ್ರ ಆಕಿ ನಮ್ಮಕ್ಕನ ಸೊಸಿ. ಸರಿ ಏನ್ರಿ?”

ಅವನಿಗೆ ಅದು ನಗೆಮಾತು. ನನಗೆ ಎದೆಗೆ ಕಲ್ಲು ಬಿದ್ದಂತಾಯಿತು. ತೊಟ್ಟಿಲಿನಲ್ಲಿ ಕೊಟ್ಟ ಮಾತನ್ನು ಯಾವನೋ ಬಸ್ಸಿಗೆ ಬಂದವನ ಮುಂದೆ ಪಣಕ್ಕೆ ಇಟ್ಟ. ನನ್ನನ್ನು ಕರೆದು ಒಂದು ಮಾತು ಕೇಳಲಿಲ್ಲ. ಒಡಹುಟ್ಟಿದವನು ನನಗೆ ದ್ರೋಹ ಮಾಡಿದ ಅಂತ ನಾನು ಆವತ್ತು ಅಂದುಕೊಂಡೆ. ಅದು ಸುಳ್ಳಲ್ಲ. ಆದರೆ ಅವನ ಮೇಲಿನ ಸಿಟ್ಟನ್ನು ತೀರಿಸಿಕೊಂಡದ್ದು ಅವನ ಮೇಲಲ್ಲ.

ಮರುದಿನವೇ ನೀನು ಉಡಿ ಚಾಚಿಕೊಂಡು ಬಂದೆ. “ಅತ್ತಿ, ಹುಂಜ ಇರೋ ಮನಿ ತತ್ತೀನ ಬೇಕಂತ. ನಿನ್ನ ಕೋಳಿದು ಚಲೋ ಇರ್ತಾವಂತ ಮಾಸ್ತರಿಗೆ ನಾನ ಹೇಳೀನಿ.”

“ಸಂಜಿಗೆ ಬಾ” ಅಂದೆ.

ಗಡಿಗೆಯಲ್ಲಿ ಹುಲ್ಲಿನ ಮೇಲೆ ಜವಾರಿ ತತ್ತಿ ಇದ್ದವು. ಕೈ ಹಾಕಿದೆ. ಆಗ ತಾನೇ ಇಟ್ಟ ಒಂದು ತತ್ತಿ ಇನ್ನೂ ಬೆಚ್ಚಗಿತ್ತು. ಕೆಂಪು ಹುಂಜ ಗೋಡೆಯ ಮೇಲೆ ನಿಂತಿತ್ತು. ಕೈ ಹಾಗೇ ಹಿಂದಕ್ಕೆ ತೆಗೆದೆ. ಆಗೆಲ್ಲ ರಾಯಚೂರಿನಿಂದ ಬಸ್ಸಿನ ಮೇಲೆ ಫಾರಂ ತತ್ತಿ ಬರಲು ಶುರುವಾಗಿತ್ತು. ಅದಕ್ಕೆ ಬಣ್ಣ ಕಟ್ಟಿ ಜವಾರಿ ಅಂತ ಮಾರುವುದನ್ನು ಮಾನ್ವಿ ಸಂತೆಯಲ್ಲಿ ಒಬ್ಬ ಹೆಂಗಸು ನನಗೆ ತೋರಿಸಿಕೊಟ್ಟಿದ್ದಳು. ಅಲ್ಲಿಯವರೆಗೆ ನಾನು ಅದನ್ನು ಮಾಡಿರಲಿಲ್ಲ. ಗಿರಾಕಿಗೆ ಮಾಡದ ಮೋಸವನ್ನು ನಿನಗೆ ಮಾಡಿದೆ.

ಪೆಟ್ಟಿಗೆ ನಿಮ್ಮ ಮನೆಯ ಮೂಲೆಯಲ್ಲಿ ಕೂತಿತು. ಕಟ್ಟಿಗೆಯ ಪೆಟ್ಟಿಗೆ, ಸಿರವಾರದ ಗಿರಣಿಯಿಂದ ತಂದ ಭತ್ತದ ಹೊಟ್ಟು, ಒಂದು ಬಟ್ಟಲು ನೀರು, ಕೆಳಗೆ ಸಣ್ಣ ಚಿಮಣಿ ದೀಪ. ಮಾಸ್ತರು ಜ್ವರ ನೋಡುವಂಥ ಒಂದು ಗಾಜಿನ ಕಡ್ಡಿ ಕೊಟ್ಟಿದ್ದರು. ನೀನು ಪ್ರತಿ ತತ್ತಿಯ ಒಂದು ಬದಿಗೆ ಸೊನ್ನೆ, ಇನ್ನೊಂದು ಬದಿಗೆ ಅಡ್ಡಗೆರೆ ಪೆನ್ಸಿಲ್ಲಿನಿಂದ ಗುರುತು ಮಾಡಿದ್ದೆ. ಕೋಳಿ ಹೇಗೆ ಕೊಕ್ಕಿನಿಂದ ಹೊರಳಿಸುತ್ತದೋ ಹಾಗೆ ನೀನು ಮುಂಜಾನೆ, ಮಧ್ಯಾಹ್ನ, ಸಂಜೆ ಹೊರಳಿಸುತ್ತಿದ್ದೆ. ನೋಡಲು ಬಂದ ಗಂಡಸರಿಗೆ ನಗಲು ಒಂದು ನೆವ ಸಿಕ್ಕಿತು. “ನಮ್ಮ ಬಿಸಲಿಗೆ ದೀಪ ಯಾಕಲೇ ಹನುಮ? ಮಾಳಗಿ ಮ್ಯಾಲ ಇಡು, ಸಂಜಿಗೆ ಹುಂಜನ ಇಳದು ಬರ್ತದ.”

ಅವರು ಹೇಳಿದ್ದರಲ್ಲೂ ನಿಜವಿತ್ತು. ಹಗಲು ಕಾವು ಹೆಚ್ಚಾಗದ ಹಾಗೆ ಪೆಟ್ಟಿಗೆಗೆ ಹಸಿ ಗೋಣಿಚೀಲ ಹೊದಿಸಬೇಕಿತ್ತು. ಮೊದಮೊದಲು ನಕ್ಕ ನಿನ್ನಪ್ಪ ಆಮೇಲೆ ತಾನೇ ಗೋಣಿ ತೋಯಿಸತೊಡಗಿದ. ದೀಪಕ್ಕೆ ಎಣ್ಣೆ ಹಾಕಿದ. ಕುರಿ ಮೇಯಿಸಿ ಬಂದವನು ಕಾಲು ತೊಳೆಯದೆ ಪೆಟ್ಟಿಗೆಗೆ ಕಿವಿ ಇಟ್ಟು ಕೂರುತ್ತಿದ್ದ. ಅದನ್ನೂ ನೋಡಿದೆ. ನೋಡಿಯೂ ಸುಮ್ಮನಿದ್ದೆ.

ಮೊದಲ ದಿನವೇ ನಾನು ಅಂದಿದ್ದೆ, “ಒಂದು ಮೊಳಿ, ಒಂದು ಇದ್ದಲಿ ಇಡು. ಗುಡುಗಿದ್ರ ತತ್ತಿ ಸಾಯ್ತಾವ.” ಜೀವವಿಲ್ಲದ ತತ್ತಿಗೆ ಕಬ್ಬಿಣ ಇಡು ಅಂದೆ ನೋಡು — ಬಾಯಿಯ ರೂಢಿ. ಕಾವಿನ ಬುಟ್ಟಿ ಕಂಡರೆ ಆ ಮಾತು ತಾನೇ ಬರುತ್ತದೆ.

ನೀನು ತಲೆಯಾಡಿಸಿದೆ. “ಮಾಸ್ತರಿಗೆ ಕೇಳೀನಿ ಅತ್ತಿ. ಕಬ್ಬಿಣ ಇಟ್ಟಿದ್ದು ಒಂದು ಪೆಟಿಗಿ, ಇಡಲಾರದ್ದು ಒಂದು ಪೆಟಿಗಿ, ಎರಡೂ ಮಾಡಿ ನೋಡಿದ್ರ ಖರೆ ಗೊತ್ತಾಗ್ತದಂತ. ಈಗ ಪೆಟಿಗಿ ಒಂದ ಅದ. ಬರೋ ವರ್ಷ ಎರಡು ಮಾಡ್ತೀನಿ.”

ಬರುವ ವರ್ಷ.

ಒಂದು ವಾರದ ಮೇಲೆ ತತ್ತಿಯಲ್ಲಿ ಜೀವ ಹಿಡಿದಿದೆಯೋ ಇಲ್ಲವೋ ನೋಡಬೇಕು. ಮಾಸ್ತರು ಬ್ಯಾಟರಿ ಹಿಡಿದು ನೋಡಿದರು, ನಾನು ಕಟ್ಟಿದ ಬಣ್ಣಕ್ಕೆ ಒಳಗಿನದು ಮಸುಕಾಗಿತ್ತು. “ನನಗ ತಿಳಿವಲ್ದು, ನಿಮ್ಮತ್ತಿ ಕೋಳಿ ಸಾಕಿದಾಕಿ, ಆಕಿನ್ನ ಕೇಳು” ಅಂದರಂತೆ. ನೀನು ಒಂದು ತತ್ತಿಯನ್ನು ಎರಡು ಕೈಯಲ್ಲಿ ಹಿಡಿದು, ಬಿಸಿಲಲ್ಲಿ ಬರಿಗಾಲಲ್ಲಿ ನನ್ನ ಮನೆಗೆ ಬಂದೆ. ನಾನು ಬಾಗಿಲು ಮುಂದೆ ಮಾಡಿ, ಸಂದಿಯಿಂದ ಬರುವ ಬಿಸಿಲಿಗೆ ತತ್ತಿ ಹಿಡಿದೆ.

ಜೀವ ಹಿಡಿದ ತತ್ತಿಯಲ್ಲಿ ಜೇಡರ ಬಲೆಯಂತೆ ಕೆಂಪು ನರ ಕಾಣುತ್ತವೆ. ಬಣ್ಣದ ಹಿಂದೆ ಏನಿದೆ ಅಂತ ಮಾಸ್ತರಿಗೆ ತಿಳಿಯದಿದ್ದರೂ ನನಗೆ ತಿಳಿಯಿತು. ಒಳಗೆ ಬರೀ ಹಳದಿ ನೀರು.

ಆಗಲೂ ಹೇಳಬಹುದಿತ್ತು. ತತ್ತಿ ಕೆಟ್ಟಿವೆ, ಬೇರೆ ಕೊಡುತ್ತೇನೆ ಅಂದಿದ್ದರೆ ಸಾಕಿತ್ತು. ಬಣ್ಣದ ಮಾತೂ ಹೊರಗೆ ಬರುತ್ತಿರಲಿಲ್ಲ. ಶಿಬಿರ ಮುಗಿದ ಮೇಲೆ ಮರಿ ಒಡೆಯುತ್ತಿದ್ದವು, ಅಷ್ಟೇ. ನಿನ್ನ ಮುಖ ನನ್ನ ಮುಖದ ಪಕ್ಕದಲ್ಲಿತ್ತು, ಬಾಯಿಂದ ಪೆಪ್ಪರಮೆಂಟಿನ ವಾಸನೆ ಬರುತ್ತಿತ್ತು.

“ಅದ” ಅಂದೆ. “ಕೆಂಪು ನರ ಎದ್ದದ. ಜೀವ ಹಿಡದದ.”

ಸುಳ್ಳು ಹೇಳುವಾಗ ನಾಲಿಗೆ ತಡವರಿಸಲಿಲ್ಲ. ನೀನು ನನ್ನ ಮೊಣಕಾಲು ತಬ್ಬಿಕೊಂಡು ಕುಣಿದೆ — ತತ್ತಿ ಬಿದ್ದೀತು ಅಂತ ನಾನೇ ಬೈದೆ. ಬಿದ್ದು ಒಡೆದಿದ್ದರೆ ಚಲೋ ಇತ್ತು.

ಶಿಬಿರ ಮುಗಿಯಲು ಮೂರ್ನಾಲ್ಕು ದಿನ ಇರುವಾಗ ಒಂದು ಮಧ್ಯಾಹ್ನ ಕರಿಮೋಡ ಬಂದು ಜೋರು ಗುಡುಗಿತು. ಹಂಚು ನಡುಗಿದವು. ನೀನು ಪೆಟ್ಟಿಗೆಯನ್ನು ತಬ್ಬಿಕೊಂಡು ಕೂತಿದ್ದೆಯಂತೆ, ನಿನ್ನವ್ವ ಹೇಳಿದಳು. ಮೊಳೆ ಮಾತ್ರ ಇಡಲಿಲ್ಲ. ಇಟ್ಟರೆ ಮರಿ ಉಳಿದದ್ದು ಮೊಳೆಯಿಂದಲೋ ಅಲ್ಲವೋ ತಿಳಿಯುವುದಿಲ್ಲ ಅಂತ. ಹೆದರಿದ್ದೆ, ಆದರೂ ಇಡಲಿಲ್ಲ. ಆ ವಯಸ್ಸಿಗೆ ಅಷ್ಟು ಗಟ್ಟಿ ಇದ್ದೆ ನೀನು.

ಕೊನೆಯ ದಿನ ಊರ ಜನ ಸಾಲಿಗೆ ಬಂದರು. ಮಕ್ಕಳು ಮಾಡಿದ್ದನ್ನೆಲ್ಲ ಸಾಲಾಗಿ ಇಟ್ಟಿದ್ದರು. ಕನ್ನಡಿ ಚೂರು ಅಂಟಿಸಿದ ರಟ್ಟಿನಲ್ಲಿ ಬಿಸಿಲಿಗೆ ಅನ್ನ ಬೇಯುತ್ತಿತ್ತು, ಒಬ್ಬ ಹುಡುಗ ನೀರಿನ ಹನಿಯೊಳಗಿಂದ ಇರುವೆ ತೋರಿಸುತ್ತಿದ್ದ. ನನ್ನ ತಮ್ಮ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು, ಅಲುಗದಂತೆ ಒಂದೊಂದೇ ಹೆಜ್ಜೆ ಇಟ್ಟು ಬಂದ. ದಾರಿಯಲ್ಲಿ ಯಾರೋ ಕೇಳಿದರು, “ಏನಪಾ, ದ್ಯಾವರನ್ನ ಹೊತ್ತೀಯೇನು?” ಅವನು ಉತ್ತರ ಕೊಡಲಿಲ್ಲ. ಕತ್ತು ಅಲುಗೀತು ಅಂತ.

ಎಲ್ಲ ಮಕ್ಕಳೂ ಸುತ್ತ ಕೂತರು. ಚಿಪ್ಪು ಒಡೆಯಲಿಲ್ಲ. ಮಧ್ಯಾಹ್ನವಾಯಿತು. ಒಂದು ಸಣ್ಣ ಮಗು, “ಮಲಗ್ಯಾವೇನೋ, ಎಬ್ಬಸ್ರಿ” ಅಂದಿತು. ಸಂಜೆಗೆ ಮಾಸ್ತರು ಒಂದು ತತ್ತಿ ತೆಗೆದು ತಾಟಿನಲ್ಲಿ ಒಡೆದರು. ಮೂಗು ಮುಚ್ಚಿಕೊಳ್ಳುವಂಥ ನಾತ. ಹಿಂದೆ ನಿಂತವನೊಬ್ಬ, “ಮಾಸ್ತರ, ಆಮ್ಲೇಟಿಗೂ ಬರಂಗಿಲ್ಲಲ್ರೀ” ಅಂದ. ಎಲ್ಲರೂ ನಕ್ಕರು. ನಿನ್ನಪ್ಪ ನಗಲಿಲ್ಲ.

ಮಾಸ್ತರು ತಾಟನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಹುಬ್ಬು ಗಂಟಿಕ್ಕಿತ್ತು. “ಇದರಾಗ ಮರಿ ಗುರುತ ಇಲ್ಲಲ್ಲ” ಅಂತ ಮೆಲ್ಲಗೆ ತಮಗೆ ತಾವೇ ಅಂದುಕೊಂಡು ಇನ್ನೊಂದು ತತ್ತಿಗೆ ಕೈ ಚಾಚಿದರು. ಅದನ್ನು ಒಡೆದರೆ, ಮೂರನೆಯದು ಒಡೆದರೆ, ಅವರಿಗೆ ಗೊತ್ತಾಗುತ್ತಿತ್ತು. ಅವರ ಮಾತು ಕೇಳಿಸಿದ್ದು ಪಕ್ಕದಲ್ಲಿ ನಿಂತ ನನಗೊಬ್ಬಳಿಗೇ.

ನಾನು ಜೋರಾಗಿ ಅಂದೆ, “ಇನ್ನೇನು ನೋಡ್ತೀರಿ ಮಾಸ್ತರ? ಗುಡುಗಿಗೆ ಸತ್ತಾವ. ಕಬ್ಬಿಣ ಇಡು ಅಂತ ಬಡಕೊಂಡೆ. ನಿಮ್ಮ ಮಾತು ಕೇಳಿ ಇಡಲಿಲ್ಲ ಈಕಿ.”

ಉಳಿದ ಒಂಬತ್ತನ್ನೂ ಸೆರಗಿಗೆ ಬಾಚಿಕೊಂಡೆ. ಮಕ್ಕಳಿರುವ ಜಾಗದಲ್ಲಿ ಹೊಲಸು ಬೇಡ ಅಂದೆ. ನೇರ ತಿಪ್ಪೆಗೆ ಹೋಗಿ ಗುಂಡಿ ತೋಡಿ ಹೂತೆ.

ಹೆಂಗಸರೆಲ್ಲ ನನ್ನ ಮಾತಿಗೆ ತಲೆಯಾಡಿಸಿದರು. ಕಬ್ಬಿಣ ಇಡಲಿಲ್ಲ ಅಂದ ಮೇಲೆ ಮುಗಿಯಿತು. ಮಾಸ್ತರು ಏನೋ ಹೇಳಲು ಬಾಯಿ ತೆರೆದರು, ಯಾರೂ ಕೇಳಲಿಲ್ಲ. ಹನುಮ ನಿನಗೆ ಹೊಡೆಯಲಿಲ್ಲ, ಬೈಯಲೂ ಇಲ್ಲ. “ಹಿರೇರ ಮಾತು ಕೇಳಬೇಕವ್ವ” ಅಂದ, ಅಷ್ಟೇ. ಪೆಟ್ಟಿಗೆಯ ಹೊಟ್ಟನ್ನು ಸಾಲಿಯ ಅಂಗಳದಲ್ಲಿ ಸುರಿದು, ಖಾಲಿ ಪೆಟ್ಟಿಗೆಯನ್ನು ಕಂಕುಳಲ್ಲಿ ಇರುಕಿಕೊಂಡು ನಡೆದ. ಹೋಗುವಾಗ ಹೆಜ್ಜೆ ನೋಡಿ ಇಡಬೇಕಿರಲಿಲ್ಲ.

ನೀನು ನನ್ನ ಹಿಂದೆ ತಿಪ್ಪೆಯ ತನಕ ಬಂದಿದ್ದೆ. “ಅತ್ತಿ, ನಾನ ಕೊಂದೆನೇನು?”

ಆಗ ನಾನು ಅಂದದ್ದು, “ಆಗಿದ್ದು ಆತು, ನಡಿ.” ಇಲ್ಲ ಅನ್ನಲಿಲ್ಲ. ಆ ಒಂದು ‘ಇಲ್ಲ’ ನಿನಗೆ ಕೊಡಬೇಕಾದದ್ದು ಇವತ್ತಿಗೂ ನನ್ನ ಹತ್ತಿರವೇ ಇದೆ.

ಆಮೇಲಿನದು ನಿನಗೆ ಗೊತ್ತು. ದೊಡ್ಡವಳಾದ ಮೇಲೆ ನನ್ನ ಮನೆಗೆ ಬಂದೆ. ಹತ್ತಿ ಬಿಡಿಸಿದೆ, ಭತ್ತ ನಾಟಿಗೆ ಹೋದೆ, ಮಕ್ಕಳನ್ನು ಹೆತ್ತೆ. ಮಲ್ಲ ಕುಡಿಯಲಿಲ್ಲ, ಕೈ ಎತ್ತಲಿಲ್ಲ. ಹುಡುಗಿ ಚಲೋ ಮನೆಗೇ ಬಂದಳಲ್ಲ ಅಂತ ನಾನು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಮಗ ಒಳ್ಳೆಯವನಾದರೆ ತಾಯಿ ಮಾಡಿದ್ದು ಒಳ್ಳೆಯದಾಗುತ್ತದೆಯೇ? ಆಗುವುದಿಲ್ಲ. ರಾಯಚೂರಿಗೆ ಹೋಗಿದ್ದರೆ ನೀನು ಏನಾಗುತ್ತಿದ್ದೆಯೋ ನನಗೆ ಗೊತ್ತಿಲ್ಲ. ಏನೂ ಆಗದೆಯೂ ಇರಬಹುದಿತ್ತು. ಆದರೆ ಅದನ್ನು ನೋಡುವ ದಾರಿಯನ್ನೇ ಮುಚ್ಚಿದವಳು ನಾನು. ಹನುಮ ಸಾಯುವಾಗ, “ಯಕ್ಕಾ, ಕೊಟ್ಟ ಮಾತು ಉಳಿಸಿಕೊಂಡ್ನಿ ನೋಡು” ಅಂದ. ಅದಕ್ಕೂ ಹೂಂ ಅಂದೆ.

ಕ್ಷಮಿಸು ಅಂತ ಕೇಳುವುದಿಲ್ಲ. ನೀನು ಕ್ಷಮಿಸಿಬಿಡುತ್ತೀ, ನಿನ್ನ ಗುಣ ನನಗೆ ಗೊತ್ತು, ಅದಕ್ಕೇ ಕೇಳುವುದಿಲ್ಲ. ಇದನ್ನು ನಿನ್ನ ಕೈಗೆ ಕೊಟ್ಟು ಮರೆಗೆ ಹೋಗುವುದೂ ಇಲ್ಲ. ಎದುರು ಕೂತು ನಾನೇ ಓದುತ್ತೇನೆ, ತಡವರಿಸಿದರೂ ಸರಿ. ಮೊಮ್ಮಗಳೂ ಕೇಳಲಿ. ಅವಳ ಅಜ್ಜಿ ಯಾವ ಮರಿಯನ್ನೂ ಕೊಲ್ಲಲಿಲ್ಲ ಅಂತ ಅವಳಿಗೂ ಗೊತ್ತಾಗಲಿ. ಈಗ ಎರಡು ಕೋಳಿ ಕಾವಿಗೆ ಕೂತಿವೆ. ಒಂದರ ಬುಟ್ಟಿಯಿಂದ ಮೊಳೆ ತೆಗೆದುಬಿಡು. ಒಂದರಲ್ಲಿ ಇರಲಿ. ಏನಾಗುತ್ತದೆ ನೋಡು.

ಇನ್ನೊಂದು ಉಳಿದಿದೆ. ಅದು ಆ ಮರುದಿನ ಮುಂಜಾನೆಯದು.

ಎದ್ದು ಮೈ ತೊಳೆದುಕೊಂಡೆ. ಎಲೆ, ಅಡಕೆ, ಕೊಬ್ಬರಿ ಬಟ್ಟಲು, ಹಸಿರು ಕುಪ್ಪಸದ ಬಟ್ಟೆ, ಒಂದು ಪೊಟ್ಟಣ ಸಕ್ಕರೆ, ಹೆಣ್ಣು ಗೊತ್ತು ಮಾಡುವ ಶಾಸ್ತ್ರಕ್ಕೆ ಬೇಕಾದದ್ದೆಲ್ಲ ಸೆರಗಿನಲ್ಲಿ ಕಟ್ಟಿಕೊಂಡೆ. ಸಕ್ಕರೆಯನ್ನು ಹಿಂದಿನ ವಾರವೇ ತಂದಿಟ್ಟಿದ್ದೆ. ನಿಮ್ಮ ಮನೆಗೆ ಬಂದಾಗ ನೀನು ಕಟ್ಟೆಯ ಮೇಲೆ ಕೂತು ಆ ಪೆಟ್ಟಿಗೆಯನ್ನು ಬೂದಿ ಹಚ್ಚಿ ತಿಕ್ಕುತ್ತಿದ್ದೆ. ನನ್ನನ್ನು ಕಂಡು ಎದ್ದು ನಿಂತೆ. ಕಣ್ಣು ಬಾತಿದ್ದವು.

“ಅತ್ತಿ, ಮತ್ತ ಇಡ್ತೀನಿ. ಈ ಸಲ ಮೊಳಿ ಇಡ್ತೀನಿ, ನೀ ಹೇಳಿದಂಗ. ತತ್ತಿ ಕೊಡ್ತೀಯೇನು?”

ನಾನು ಒಳಗೆ ಹೋದೆ. ತಮ್ಮನ ಮುಂದೆ ಎಲೆ ಅಡಕೆ ಇಟ್ಟೆ. ಅವನು ಒಂದು ಕ್ಷಣ ನೋಡಿದ, ತೆಗೆದುಕೊಂಡ. ಆಮೇಲೆ ನಿನ್ನನ್ನು ಕರೆದೆ. ನೀನು ಬೂದಿಯ ಕೈ ಲಂಗಕ್ಕೆ ಒರೆಸಿಕೊಳ್ಳುತ್ತ ಬಂದೆ. ನಾನು ಬೆರಳ ತುದಿಯಲ್ಲಿ ಸಕ್ಕರೆ ಹಿಡಿದು, “ಬಾಯಿ ತೆರಿ” ಅಂದೆ.

ತೆರೆದೆ. ಯಾಕ ಅಂತ ಕೇಳಲಿಲ್ಲ.